ರೈಡ್ ಚೆನ್ನಾಗಿಲ್ಲ ಎನ್ನುವ ಹಕ್ಕು

2025ರ ಜುಲೈ 17ಕ್ಕೆ ಡಿಸ್ನಿಲ್ಯಾಂಡ್‌ಗೆ ಎಪ್ಪತ್ತು ತುಂಬಿತು. ಆ ಸಂಭ್ರಮಕ್ಕೆ ಕಂಪನಿ ತನ್ನ ಮೂಲಪುರುಷನನ್ನೇ ಎಬ್ಬಿಸಿ ನಿಲ್ಲಿಸಿತು. ಕ್ಯಾಲಿಫೋರ್ನಿಯಾದ ಆ ಪಾರ್ಕಿನ ಒಪೇರಾ ಹೌಸಿನಲ್ಲಿ, 1966ರಲ್ಲೇ ತೀರಿಕೊಂಡ ವಾಲ್ಟ್ ಡಿಸ್ನಿ ಈಗ ಯಂತ್ರದ ಗೊಂಬೆಯಾಗಿ ತನ್ನ ಮೇಜಿಗೆ ಒರಗಿರುತ್ತಾನೆ, ನೆಟ್ಟಗೆ ಎದ್ದು ನಿಲ್ಲುತ್ತಾನೆ, ಕೈಯಾಡಿಸುತ್ತ ಮಾತಾಡುತ್ತಾನೆ. ಮಾತೆಲ್ಲ ಹಳೆಯ ಧ್ವನಿಮುದ್ರಣಗಳಿಂದ ಆಯ್ದು ಜೋಡಿಸಿದ್ದು. ಅಭಿಮಾನಿಗಳಲ್ಲಿ ಎರಡು ಪಂಗಡವಾಯಿತು. ನೋಡಿ ಕಣ್ತುಂಬಿ ಬಂತು ಎಂದವರು ಕೆಲವರು, ಈ ಮುಖ ಇನ್ಯಾರದೋ ಇದ್ದಂತಿದೆ ಎಂದವರು ಕೆಲವರು. ವಾಲ್ಟ್‌ನ ಮೊಮ್ಮಗಳೊಬ್ಬಳಂತೂ ಪ್ರದರ್ಶನ ಶುರುವಾಗುವುದಕ್ಕೆ ತಿಂಗಳುಗಟ್ಟಲೆ ಮೊದಲೇ, ತಾತನನ್ನು ಗೊಂಬೆ ಮಾಡಿದರೆ ಅವನ ಮನುಷ್ಯತ್ವವನ್ನೇ ಕಳೆದಂತೆ ಎಂದು ಬಹಿರಂಗವಾಗಿ ಹೇಳಿದ್ದಳು.

ಈ ಜಗಳವನ್ನು ಮುಂದಿಟ್ಟುಕೊಂಡು ಒಂದು ಸಂಚಿಕೆ ತರುತ್ತೇವೆ ಎಂದು ನಾವು ಪ್ರಕಟಿಸಿದ್ದೇ ತಡ, ಸಹೋದರ ಪತ್ರಿಕೆಯೊಂದಕ್ಕೆ ನಗು ಬಂತು. ಸಾಹಿತ್ಯ ಪತ್ರಿಕೆಗೆ ಜಾತ್ರೆ ತೊಟ್ಟಿಲಿನ ವಿಮರ್ಶೆ ಬೇಕೇ ಎಂಬ ಧಾಟಿಯಲ್ಲಿ ಅರ್ಧ ಪುಟ ಬರೆದು, ಮಿಕ್ಕರ್ಧ ಪುಟಕ್ಕೆ ಎಂದಿನಂತೆ ಫ್ರೆಂಚ್ ಚಿಂತಕ ಬೋದ್ರಿಯಾರ್‌ನನ್ನು ಕರೆತಂದರು. ಅಮೆರಿಕ ಇಡೀ ಡಿಸ್ನಿಲ್ಯಾಂಡೇ, ಅದನ್ನು ಮರೆಮಾಚಲು ಒಂದು ಡಿಸ್ನಿಲ್ಯಾಂಡ್ ಕಟ್ಟಿಕೊಂಡಿದ್ದಾರೆ ಎಂಬ ಅವನ ಮಾತು 1981ರದು. ಅಂದಿನಿಂದ ನಮ್ಮ ಸೆಮಿನಾರುಗಳಲ್ಲಿ ಅದು ಸವೆದು ಸವೆದು ನಾಣ್ಯದ ಮೇಲಿನ ಸಿಂಹವೇ ಕಾಣದಂತಾಗಿದೆ. ಎಲ್ಲವೂ ನಕಲಿ ಎಂದುಬಿಟ್ಟವನಿಗೆ ಒಳ್ಳೆಯ ರೈಡಿಗೂ ಕೆಟ್ಟ ರೈಡಿಗೂ ವ್ಯತ್ಯಾಸ ಹೇಳುವ ಕಷ್ಟವಿಲ್ಲ. ಟಿಕೆಟ್ ಕೊಂಡು ಬಿಸಿಲಲ್ಲಿ ಕ್ಯೂ ನಿಂತವನಿಗೆ ಆ ಕಷ್ಟ ಇದೆ. ವಿಮರ್ಶೆ ಅಲ್ಲಿಂದ ಶುರುವಾಗುತ್ತದೆ ಎಂಬುದು ನಮ್ಮ ವಾದ.

ಸ್ಪ್ಲಾಶ್ ಮೌಂಟನ್ ಗಲಾಟೆಯನ್ನೇ ತೆಗೆದುಕೊಳ್ಳಿ. 1989ರ ಆ ರೈಡಿಗೆ ಮೂಲ 1946ರ 'ಸಾಂಗ್ ಆಫ್ ದಿ ಸೌತ್' ಸಿನಿಮಾ. ತೋಟದ ಕರಿಯ ಜನರ ಬದುಕಿಗೆ ಸಿಹಿ ಬಣ್ಣ ಬಳಿದ ಆ ಚಿತ್ರವನ್ನು ಕಂಪನಿಯೇ ನಾಚಿಕೆಪಟ್ಟು ಅಮೆರಿಕದಲ್ಲಿ ಮನೆಯಲ್ಲಿ ನೋಡಲು ಬಿಡುಗಡೆ ಮಾಡಿಲ್ಲ. 2023ರಲ್ಲಿ ಫ್ಲಾರಿಡಾ, ಕ್ಯಾಲಿಫೋರ್ನಿಯಾ ಎರಡೂ ಪಾರ್ಕುಗಳಲ್ಲಿ ರೈಡ್ ಮುಚ್ಚಿದರು. ಮುಚ್ಚಿದ್ದು ಸರಿ. ಅದಕ್ಕಾಗಿ ಗೋಳಾಡಿದವರ ಬಗ್ಗೆ, ರೈಡಿನ ನೀರೆಂದು ಬಾಟಲಿಯಲ್ಲಿ ತುಂಬಿ ಹರಾಜಿಗಿಟ್ಟವರ ಬಗ್ಗೆ ನಮಗೆ ಕನಿಕರವಿಲ್ಲ. ಆದರೆ 2024ರಲ್ಲಿ ಅದೇ ಕಾಲುವೆಯಲ್ಲಿ 'ಟಿಯಾನಾಸ್ ಬಾಯೂ ಅಡ್ವೆಂಚರ್' ತೆರೆದಾಗ ಅಭಿಮಾನಿಗಳು ಎತ್ತಿದ ಆಕ್ಷೇಪವನ್ನು ನಾಟಕ ಬರೆಯುವವರು ಕಿವಿಗೊಟ್ಟು ಕೇಳಬೇಕು. ಹಳೆಯದರಲ್ಲಿ ನರಿ ಮೊಲವನ್ನು ಹಿಡಿದಿತ್ತು. ಮೊಲ ಉಪಾಯ ಮಾಡಿ ತನ್ನನ್ನು ಮುಳ್ಳುಪೊದೆಗೆ ಎಸೆಯುವಂತೆ ಮಾಡಿತ್ತು. ಮೊಲದ ಜೊತೆ ನೀವೂ ಸುಮಾರು 50 ಅಡಿ ಕೆಳಗೆ ಬೀಳುತ್ತಿದ್ದಿರಿ. ಹೊಸದರಲ್ಲಿ ಟಿಯಾನಾ ಹಬ್ಬದ ಪಾರ್ಟಿಗೆ ವಾದ್ಯಗಾರರನ್ನು ಹುಡುಕುತ್ತ ಹೋಗುತ್ತಾಳೆ. ಗೊಂಬೆಗಳು ಜೀವ ಬಂದಂತೆ ಕುಣಿಯುತ್ತವೆ, ಹಾಡು ಚೆನ್ನಾಗಿದೆ. ಆದರೆ ಟಿಯಾನಾಳ ಸಿನಿಮಾದ ಖಳ ಡಾಕ್ಟರ್ ಫೆಸಿಲಿಯೆಯ ಸುಳಿವೇ ಇಲ್ಲ. ಯಾರಿಗೂ ಅಪಾಯವಿಲ್ಲ. ದೋಣಿ ಮಾತ್ರ ಅದೇ 50 ಅಡಿ ಬೀಳುತ್ತದೆ. ಏಕೆ ಬೀಳುತ್ತಿದ್ದೇವೆ ಎಂದು ಜನ ಕೇಳಿದರು. ಕಥೆಯಲ್ಲಿ ಕಾರಣವಿಲ್ಲದ ಬೀಳುವಿಕೆ ಬರೀ ಇಳಿಜಾರು ಎಂದು ಇಷ್ಟು ಸ್ಪಷ್ಟವಾಗಿ ನಮ್ಮ ರಂಗವಿಮರ್ಶೆಯಲ್ಲಿ ಯಾರಾದರೂ ಹೇಳಿದ್ದು ಈಚೆಗೆ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಇನ್ನೊಂದು ಮಾತು. ಟಿಯಾನಾ ರೈಡಿನ ಬಗ್ಗೆ ಮೊದಮೊದಲು ಹೊಗಳಿ ಬರೆದವರಲ್ಲಿ ಹಲವರು ಕಂಪನಿಯ ಆಹ್ವಾನದ ಮೇಲೆ, ಬಾಗಿಲು ತೆರೆಯುವ ಮುನ್ನವೇ ಹೋಗಿ ಬಂದವರು. ಈ ರೋಗ ನಮ್ಮಲ್ಲೂ ಇದೆ. ಪುಸ್ತಕ ಬಿಡುಗಡೆಯ ವೇದಿಕೆಯಲ್ಲಿ ಕೂತವರೇ ಮುಂದಿನ ಭಾನುವಾರ ಅದರ ವಿಮರ್ಶೆ ಬರೆಯುತ್ತಾರೆ. ಇದನ್ನು ಹೇಳಿ ಹೇಳಿ ನಮ್ಮ ಬಾಯಿ ನೋಯುತ್ತಿದೆ, ಆದರೂ ಹೇಳುತ್ತೇವೆ.

ಅಭಿಮಾನಿಯ ಕೂಗಿಗೆ ಬೆಲೆಯಿಲ್ಲ ಎನ್ನುವವರು ಅದೇ ಒಪೇರಾ ಹೌಸಿನ ಇತಿಹಾಸ ನೋಡಲಿ. 1964ರ ನ್ಯೂಯಾರ್ಕ್ ವಿಶ್ವಮೇಳಕ್ಕೆಂದು ಮಾಡಿದ ಅಬ್ರಹಾಂ ಲಿಂಕನ್ ಗೊಂಬೆ 1965ರಲ್ಲಿ ಅಲ್ಲಿಗೆ ಬಂತು. ಕುರ್ಚಿಯಿಂದ ಎದ್ದು ಭಾಷಣ ಮಾಡುತ್ತಿತ್ತು. 1973ರಲ್ಲಿ ಅದನ್ನು ತೆಗೆದು ವಾಲ್ಟ್‌ನ ಜೀವನಕಥೆ ತೋರಿಸತೊಡಗಿದರು. ಜನ ಸುಮ್ಮನಿರಲಿಲ್ಲ. 1975ಕ್ಕೆ ಲಿಂಕನ್ ಮರಳಿದ. ಫ್ಲಾರಿಡಾದಲ್ಲಿ ಮಾತ್ರ ಕಂಪನಿ ಜಗ್ಗಲಿಲ್ಲ. ಮಿಸ್ಟರ್ ಟೋಡ್‌ನ ರೈಡ್ ಉಳಿಸಿ ಎಂದು ಜನ ಅದರ ಎದುರೇ ಗುಂಪುಗೂಡಿದರೂ 1998ರಲ್ಲಿ ಬಾಗಿಲು ಹಾಕಿ, ಆ ಜಾಗಕ್ಕೆ ವಿನ್ನಿ ದಿ ಪೂನನ್ನು ತಂದರು. ಆ ಹೊಸ ರೈಡಿನಲ್ಲಿ ಗೂಬೆಯ ಮನೆಯ ಗೋಡೆಯ ಮೇಲೆ ಒಂದು ಚಿತ್ರ ತೂಗುಹಾಕಿದ್ದಾರೆ. ಕಪ್ಪೆರಾಯ ಟೋಡ್ ಮನೆಯ ಪತ್ರವನ್ನು ಗೂಬೆಯ ಕೈಗೆ ಒಪ್ಪಿಸುತ್ತಿದ್ದಾನೆ. ಆ ಚಿತ್ರ ಬರೆಸಿದವನಿಗೆ ತಾನು ಯಾರ ಜಾಗದಲ್ಲಿ ಕೂತಿದ್ದೇನೆಂದು ಗೊತ್ತಿತ್ತು. ನಮ್ಮ ಊರುಗಳಲ್ಲಿ ಹಳೆಯ ಚಿತ್ರಮಂದಿರ ಕೆಡವಿ ಮಾಲ್ ಎಬ್ಬಿಸಿದವರು ಇಷ್ಟಾದರೂ ಮಾಡಲಿಲ್ಲ.

ಅಭಿಮಾನಿಯ ಮಾತು ಬಾಲಿಶ ಎನ್ನುವ ಮಿತ್ರರಿಗೆ ಒಂದೇ ಪ್ರಶ್ನೆ. ಕಟೀಲು ಯಕ್ಷಗಾನ ಮೇಳ ಇಡೀ ರಾತ್ರಿಯ ಆಟ ಬಿಟ್ಟು ಕಾಲಮಿತಿಗೆ ಹೊರಳಿದಾಗ ಕರಾವಳಿಯಲ್ಲಿ ಎದ್ದ ಕೂಗನ್ನು ನೀವು ಬಾಲಿಶ ಎಂದಿರಾ? ಬೆಳಗಿನ ಜಾವದ ವೇಷಕ್ಕೆ ಬೆಳಗಿನ ಜಾವವೇ ಬೇಕು ಎಂದವರು ಪಂಡಿತರಲ್ಲ, ಚಾಪೆ ಹಾಸಿ ಕೂತು ನೋಡಿದವರು. ಡಿಸ್ನಿಲ್ಯಾಂಡ್ ಇರುವ ಅನಾಹೈಮಿನ ಪ್ರೇಕ್ಷಕನೂ ಅವರ ಸಾಲಿನವನೇ. ಅವನ ಕಲೆ ಚಿಕ್ಕದು ಎನ್ನಿ, ಒಪ್ಪೋಣ. ಅವನ ಗಮನ ಚಿಕ್ಕದಲ್ಲ.

ಹಾಗಂತ ಅಭಿಮಾನಿ ಹೇಳಿದ್ದೆಲ್ಲ ವೇದವಾಕ್ಯವಲ್ಲ. 'ಪೈರೇಟ್ಸ್ ಆಫ್ ದಿ ಕೆರಿಬಿಯನ್' ರೈಡಿನಲ್ಲಿ ಹೆಂಗಸರನ್ನು ಹರಾಜು ಹಾಕುವ ದೃಶ್ಯವಿತ್ತು. 2018ರಲ್ಲಿ ಅದನ್ನು ಬದಲಿಸಿ, ಮಾರಾಟಕ್ಕೆ ನಿಂತಿದ್ದ ಕೆಂಪುಕೂದಲಿನವಳ ಕೈಗೇ ಬಂದೂಕು ಕೊಟ್ಟಾಗ ಪರಂಪರೆ ಹಾಳಾಯಿತೆಂದು ಕೂಗಿದವರಿದ್ದರು. ಅವರ ಪರಂಪರೆ ಅವರ ಬಾಲ್ಯದಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತದೆ. ವಾಲ್ಟ್ ಗೊಂಬೆಯ ವಿಷಯದಲ್ಲೂ ಹೆಚ್ಚಿನವರು ಕೆನ್ನೆ ಸರಿಯಿಲ್ಲ, ಮೀಸೆ ಸರಿಯಿಲ್ಲ ಎಂಬಲ್ಲೇ ನಿಂತರು. ಕೆನ್ನೆ ಸರಿಯಿದ್ದರೆ ಒಪ್ಪುತ್ತಿದ್ದಿರೇನು? ಕುಟುಂಬದವರನ್ನು ಕೇಳಿಯೇ ಮಾಡಿದ್ದೇವೆ ಎಂದಿತು ಕಂಪನಿ. ಆದರೆ ಲಿಂಕನ್ ಸಾರ್ವಜನಿಕ ಸಭೆಗಳಲ್ಲಿ ಆಡಿದ ಮಾತನ್ನು ಲಿಂಕನ್ ಗೊಂಬೆ ಆಡುತ್ತದೆ, ಅದು ಐತಿಹಾಸಿಕ ನಾಟಕ. ವಾಲ್ಟ್ ಬೇರೆ ಬೇರೆ ವರ್ಷ, ಬೇರೆ ಬೇರೆ ಜನರ ಮುಂದೆ ಆಡಿದ್ದನ್ನು ಕತ್ತರಿಸಿ ಪೋಣಿಸಿ, ಅವನ ಅಂಗಡಿಯಲ್ಲೇ ಅವನನ್ನು ಸ್ವಾಗತಕ್ಕೆ ನಿಲ್ಲಿಸುವುದು ಬೇರೆ. ಮೊಮ್ಮಗಳು ಎತ್ತಿದ್ದೇ ಸರಿಯಾದ ಪ್ರಶ್ನೆ, ಅದನ್ನು ಅಭಿಮಾನಿಗಳು ಕೈಬಿಟ್ಟರು.

ನಾವೂ ಕೈಬಿಟ್ಟವರೇ. ವಿಷ್ಣುವರ್ಧನ್ ತೀರಿಕೊಂಡದ್ದು 2009ರಲ್ಲಿ. 2016ರ 'ನಾಗರಹಾವು' ಚಿತ್ರ ಅವರನ್ನು ಗ್ರಾಫಿಕ್ಸಿನಲ್ಲಿ ತೆರೆಗೆ ತಂದಾಗ ನಾವು ಶಿಳ್ಳೆ ಹೊಡೆದೆವು, ಹೋಲುತ್ತದೋ ಇಲ್ಲವೋ ಎಂದು ಚರ್ಚಿಸಿದೆವು. ಆ ಪಾತ್ರವನ್ನು ಅವರು ಒಪ್ಪುತ್ತಿದ್ದರೇ ಎಂದು ಕೇಳಿದವರು ಬೆರಳೆಣಿಕೆ. ಪುನೀತ್ ತೀರಿಕೊಂಡ ಮೇಲೆ ಬಂದ ಅವರ 'ಜೇಮ್ಸ್' ಚಿತ್ರದ ಮಾತು ಬೇರೆ. ಅಲ್ಲಿ ಪುನೀತ್ ತಾವೇ ನಟಿಸಿದ್ದರು, ಉಳಿದ ಡಬ್ಬಿಂಗನ್ನು ಅಣ್ಣ ಶಿವರಾಜ್‌ಕುಮಾರ್ ಮಾಡಿಕೊಟ್ಟರು. ದನಿ ತಮ್ಮನದಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಮುಚ್ಚಿಡಲೂ ಇಲ್ಲ. ಈ ಎರಡರ ನಡುವಿನ ಅಂತರವನ್ನು ಕನ್ನಡದ ಸಿನಿಮಾ ವಿಮರ್ಶೆ ಇನ್ನೂ ಬರೆದು ಮುಗಿಸಿಲ್ಲ. ಬರೆಯಬೇಕಾದವರು ಬೋದ್ರಿಯಾರ್ ಅನುವಾದದಲ್ಲಿ ಮಗ್ನರು.

ಈ ಸಂಚಿಕೆಯ ವಿಷಯ: ಪ್ರೇಕ್ಷಕ. ಬಂದ ಲೇಖನಗಳಲ್ಲಿ ಪಾಸಿನ ಮೇಲೆ ಹೋಗಿ ಬಂದವರದನ್ನು ವಾಪಸು ಕಳಿಸಿದ್ದೇವೆ. ಅಚ್ಚಾಗಿರುವುದೆಲ್ಲ ಟಿಕೆಟ್ ಕೊಂಡವರದು.