ಬಾಣದ ಕೀಲಿಯೇ ಸಾಕು ಎನ್ನುವವರಿಗೆ

ಕೋಡ್‌ನಲ್ಲಿ ಅಕ್ಷರ ಅಕ್ಷರವಾಗಿ ತೆವಳಬೇಡಿ, ವಾಕ್ಯರಚನೆ ಹಿಡಿದು ಓಡಾಡಿ ಎಂದು ಕಲ್ಯಾಣಪುರದ ನಮ್ಮ ಹುಡುಗರಿಗೆ ನಾನು ಹೇಳಿಕೊಟ್ಟದ್ದು ಮಣಿಪಾಲದಲ್ಲಿ ಕೆಲಸಕ್ಕಿರುವ ಕೆಲವು ಗೆಳೆಯರಿಗೆ ಹಿಡಿಸಲಿಲ್ಲ. "ನಡೆದರೂ ಸಂತೆಕಟ್ಟೆ ಸಿಗ್ತದೆ ಮಾರಾಯ್ರೆ. ಬಾಣದ ಕೀಲಿ ಉಂಟು, ಮೌಸ್ ಉಂಟು, ಮತ್ತೆಂತ ಬೇಕು?" ಎಂದರು ಒಬ್ಬರು.

ಸಂತೆಕಟ್ಟೆಯಿಂದಲೇ ಶುರುಮಾಡುವ. 'ಸಂತೆ' ಎಂದು ಟೈಪಿಸಿ. ಒಳಗೆ ಅದು ನಾಲ್ಕು ಯೂನಿಕೋಡ್ ಸಂಕೇತ: ಸ, ಅನುಸ್ವಾರ, ತ, ಎತ್ವ. ಬಾಣ ಒತ್ತಿದರೆ ಕರ್ಸರ್ ದಾಟುವುದು ಎರಡೇ ಜಿಗಿತದಲ್ಲಿ. ತಕಾರಕ್ಕೂ ಎತ್ವಕ್ಕೂ ನಡುವೆ ಅದು ನಿಲ್ಲುವುದಿಲ್ಲ. ಬ್ಯಾಕ್‌ಸ್ಪೇಸ್ ಒತ್ತಿದರೆ ಮಾತ್ರ ಬಹುತೇಕ ಕಡೆ ಎತ್ವವೊಂದೇ ಹೋಗಿ 'ಸಂತ' ಉಳಿಯುತ್ತಾನೆ. ಓಡಾಡಲು ಒಂದು ಅಳತೆ, ತಿದ್ದಲು ಇನ್ನೊಂದು. ಕಿನ್ನಿಕಂಬಳದ ಕೆ.ಪಿ. ರಾವ್ ಅವರ ಕೀಲಿಮಣೆಯಲ್ಲಿ ವ್ಯಂಜನ ಬೇರೆ, ಸ್ವರ ಬೇರೆ ಒತ್ತಿ ಕನ್ನಡ ಬರೆಯುವ ನೀವು ರಚನೆ ಹಿಡಿದೇ ಓಡಾಡುತ್ತಿದ್ದೀರಿ. ಆ ಸೌಕರ್ಯ ಕೋಡಿಗೂ ಇರಲಿ ಎಂದರೆ ತಪ್ಪೇನು?

ಎರಡು ಸೆಕೆಂಡು ಉಳಿಸಿ ಆಗಬೇಕಾದ್ದೇನು ಎಂಬ ಪ್ರಶ್ನೆಯೂ ಬಂತು. ಸೆಕೆಂಡಿನ ಲೆಕ್ಕ ನನ್ನದಲ್ಲ. ಮಲ್ಪೆಯ ಮೀನಿನ ಬಿಲ್ಲಿಗೆ ಒಂದು ಸಾಲು ಬರೆದಿದ್ದೀರಿ ಎನ್ನಿ: ಬಿಲ್(ದರ(ಮೀನು, ತೂಕ), ರಿಯಾಯಿತಿ). ಇದರಲ್ಲಿ 'ದರ'ದ ಭಾಗವನ್ನಷ್ಟೇ ಎತ್ತಿ ಬೇರೆಡೆ ಇಡಬೇಕು. ಮೌಸ್ ಎಳೆದರೆ ಒಂದೋ ಅಲ್ಪವಿರಾಮ ಅಂಟಿಕೊಂಡು ಬರುತ್ತದೆ, ಇಲ್ಲವೇ ಒಂದು ಆವರಣ ಅಲ್ಲೇ ಉಳಿಯುತ್ತದೆ. ವಿಎಸ್ ಕೋಡ್‌ನಲ್ಲಿ 'ಮೀನು' ಮೇಲೆ ಕರ್ಸರ್ ಇಟ್ಟು ಶಿಫ್ಟ್, ಆಲ್ಟ್ ಹಿಡಿದು ಬಲಬಾಣ ಒತ್ತುತ್ತ ಹೋಗಿ: ಆಯ್ಕೆ ಮೀನಿನಿಂದ ಆವರಣದೊಳಗಿನ ಎಲ್ಲಕ್ಕೂ, ಅಲ್ಲಿಂದ 'ದರ'ದ ಇಡೀ ತುಂಡಿಗೂ ಹಿಗ್ಗುತ್ತದೆ. ಭಾಷೆಗೆ ತಕ್ಕಂತೆ ಒಂದೆರಡು ಒತ್ತು ಹೆಚ್ಚುಕಡಿಮೆ, ಅಷ್ಟೆ. ಆವರಣ ಎಣಿಸುವ ಕೆಲಸದಿಂದ ಕಣ್ಣಿಗೆ ಬಿಡುಗಡೆ.

ಲಿಸ್ಪ್ ಭಾಷೆಯವರ ಖಯಾಲಿ ಇದು ಎಂಬ ಮಾತು ಒಂದು ಕಾಲಕ್ಕೆ ನಿಜ. ಈಗ ಅಲ್ಲ.

ತೂಕದ ಆಕ್ಷೇಪ ಒಂದೇ: ಬರೆಯುತ್ತಿರುವಾಗ ಕೋಡ್ ಯಾವಾಗಲೂ ಅರೆಬರೆ, ವ್ಯಾಕರಣ ಮುರಿದದ್ದು, ಮುರಿದ ವಾಕ್ಯಕ್ಕೆ ಯಾವ ರಚನೆ? ಹಳಬರಿಗೆ ಈ ಅನುಮಾನ ಬರುವುದು ಸಹಜ. 1970ರ ದಶಕದ ಕೊನೆಯಲ್ಲಿ ಟೈಟೆಲ್‌ಬಾಮ್ ಮತ್ತು ರೆಪ್ಸ್ ರೂಪಿಸಿದ ಕಾರ್ನೆಲ್ ಪ್ರೋಗ್ರಾಂ ಸಿಂಥೆಸೈಜರ್ ಸಿದ್ಧ ಚೌಕಟ್ಟು ಕೊಟ್ಟು ಅದನ್ನು ತುಂಬಿಸಿ ಎನ್ನುತ್ತಿತ್ತು. ಚೌಕಟ್ಟು ಮುರಿಯಲು ಬಿಡುತ್ತಿರಲಿಲ್ಲ. ಅರ್ಜಿ ತುಂಬಿದ ಹಾಗೆ ಪ್ರೋಗ್ರಾಂ ಬರೆಯುವುದು ಯಾರಿಗೆ ಬೇಕು? ಮ್ಯಾಕ್ಸ್ ಬ್ರನ್ಸ್‌ಫೆಲ್ಡ್ ಆಟಮ್ ಎಡಿಟರಿಗಾಗಿ ಬೆಳೆಸಿದ ಟ್ರೀ-ಸಿಟ್ಟರ್ ದಾರಿ ಬೇರೆ. ಪಠ್ಯ ಪಠ್ಯವಾಗಿಯೇ ಇರುತ್ತದೆ, ಪಕ್ಕದಲ್ಲಿ ಅದರ ವ್ಯಾಕರಣವೃಕ್ಷ ಬೆಳೆಯುತ್ತಿರುತ್ತದೆ. ನೀವು ಒಂದಕ್ಷರ ತಿದ್ದಿದರೆ ಹಳೆಯ ವೃಕ್ಷದ ಬದಲಾಗದ ಕೊಂಬೆಗಳನ್ನು ಹಾಗೇ ಬಳಸಿಕೊಳ್ಳುತ್ತದೆ. ಅರ್ಥವಾಗದ ತುಂಡಿಗೆ ದೋಷದ ಗುರುತು ಹಾಕಿ ಉಳಿದುದನ್ನು ಓದಿಕೊಳ್ಳುತ್ತದೆ. 2022ರ ಡಿಸೆಂಬರ್‌ನಲ್ಲಿ ಆಟಮ್ ಕಣ್ಣುಮುಚ್ಚಿತು; ಟ್ರೀ-ಸಿಟ್ಟರ್ ನಿಯೋವಿಮ್, ಹೀಲಿಕ್ಸ್‌ಗಳಲ್ಲಿ ಬದುಕಿತು, 2023ರಲ್ಲಿ ಇಮ್ಯಾಕ್ಸ್ 29ರ ಒಳಗೂ ಬಂತು.

ಒಂದು ಕಡೆ ಮಾತ್ರ ನಾನು ಸೋಲೊಪ್ಪುತ್ತೇನೆ. ಸಿ ಭಾಷೆಯ ಮ್ಯಾಕ್ರೋಗಳು ಕಿಕ್ಕಿರಿದ ಕಡತದಲ್ಲಿ ಈ ವೃಕ್ಷ ದಾರಿ ತಪ್ಪುತ್ತದೆ, ಏಕೆಂದರೆ ಮ್ಯಾಕ್ರೋ ಬಿಡಿಸಿದ ಮೇಲಿನ ರೂಪ ಅದಕ್ಕೆ ಕಾಣುವುದಿಲ್ಲ. ಅಲ್ಲಿ ನಾನೂ ಬಾಣವನ್ನೇ ಒತ್ತುತ್ತೇನೆ.

ಇನ್ನು, ಎಐ ಕೋಡ್ ಬರೆಯುವಾಗ ಇದೆಲ್ಲ ಏಕೆ ಎಂಬುದು. ಅದು ಬರೆದ ಇನ್ನೂರು ಸಾಲು ಓದಿ ಪರೀಕ್ಷಿಸುವವರು ಯಾರು? ಓದುವವನಿಗೇ ಅಲ್ಲವೇ ಒಂದು ಫಂಕ್ಷನ್‌ನಿಂದ ಮುಂದಿನದಕ್ಕೆ ಜಿಗಿಯಬೇಕಾದ್ದು? ಕಾಲೇಜಿನ ಲ್ಯಾಬಿನಲ್ಲಿ ಹೊಸ ಎಡಿಟರ್ ಇಲ್ಲವೆಂದರೆ ಹಳೆಯ ವಿಐ ಸಾಕು. ಆವರಣದ ಮೇಲೆ ನಿಂತು ಶೇಕಡಾ ಚಿಹ್ನೆ ಒತ್ತಿದರೆ ಜೋಡಿ ಆವರಣಕ್ಕೆ ಹೋಗಿ ನಿಲ್ಲುತ್ತದೆ.

ಒಂದು ವಾರ ಮೌಸ್ ಬದಿಗಿಟ್ಟು ಶಿಫ್ಟ್, ಆಲ್ಟ್, ಬಲಬಾಣ ಈ ಮೂರು ಕೀಲಿ ಒತ್ತಿ ನೋಡಿ. ಆಮೇಲೂ ಬೇಡವೆನಿಸಿದರೆ ಕಲ್ಯಾಣಪುರಕ್ಕೆ ಬನ್ನಿ, ಚಹಾ ಕುಡಿಯುತ್ತ ಮತ್ತೆ ಜಗಳವಾಡುವ.