ಬರಿಗಾಲಿನ ಅಹಮದ್ ಖಾನ್

ಮುದ್ದೇಬಿಹಾಳದ ಕಡೆ ಆಟವೆಂದರೆ ಜನರಿಗೆ ಮೊದಲು ನೆನಪಾಗುವುದು ಕುಸ್ತಿಯ ಕಣ, ಅನಂತರ ಕಬಡ್ಡಿ, ಜಾತ್ರೆಯ ದಿನ ಭಾರವಾದ ಗುಂಡುಕಲ್ಲನ್ನು ಹೆಗಲಿಗೇರಿಸಿ ಊರವರಿಂದ ಶಹಬ್ಬಾಸ್ ಎನಿಸಿಕೊಳ್ಳುವ ಜಟ್ಟಿ. ಕಾಲ್ಚೆಂಡಾಟ ಆ ಎರೆನಾಡಿನ ಮನೆಮಾತಲ್ಲ. ಆದರೆ ಆಟ ಯಾವುದಾದರೇನು? ಇಂಡಿಯಲ್ಲಾಗಲಿ, ಸಿಂದಗಿಯಲ್ಲಾಗಲಿ, ಬಸವನ ಬಾಗೇವಾಡಿಯಲ್ಲಾಗಲಿ, ಪುಸ್ತಕವನ್ನು ಬದಿಗಿಟ್ಟು ಬಯಲಿಗೆ ಓಡುವ ಮಗನನ್ನು ಕಂಡ ತಂದೆ ಕೇಳುವ ಪ್ರಶ್ನೆ ಒಂದೇ: 'ಆಟದಿಂದ ಹೊಟ್ಟೆ ತುಂಬೀತೇ?' ಈ ಪ್ರಶ್ನೆಗೆ ಹೌದೆಂದೂ ಅಲ್ಲವೆಂದೂ ಒಂದೇ ಮಾತಿನಲ್ಲಿ ಉತ್ತರ ಹೇಳುವುದು ಕಷ್ಟ. ಬೆಂಗಳೂರಿನಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಆಡಿ, ಕಲ್ಕತ್ತೆಯಲ್ಲಿ ನೆಲೆನಿಂತ ಅಹಮದ್ ಖಾನರ ಬಾಳಿನ ಮೊದಲ ಇಪ್ಪತ್ತೈದು ವರ್ಷಗಳನ್ನು ನೋಡಿದರೆ ಉತ್ತರದ ಎರಡು ಮುಖಗಳೂ ತಿಳಿಯುತ್ತವೆ.

ಅಹಮದ್ ಖಾನ್ ಹುಟ್ಟಿದ್ದು 1926ರ ಡಿಸೆಂಬರ್ 24ರಂದು. ಆ ಕಾಲದ ಬೆಂಗಳೂರು ಎರಡು ಊರುಗಳ ಒಂದು ಊರು. ಒಂದು ಕಡೆ ಪೇಟೆ, ಇನ್ನೊಂದು ಕಡೆ ಬ್ರಿಟಿಷರ ದಂಡು. ಗೋರಾ ಸಿಪಾಯಿಗಳು ಸಂಜೆಯ ಹೊತ್ತು ಚರ್ಮದ ಚೆಂಡನ್ನು ಒದೆಯುತ್ತಿದ್ದರೆ, ದಂಡಿನ ಓಣಿಗಳ ಹುಡುಗರು ಬಯಲಿನ ಅಂಚಿನಲ್ಲಿ ನಿಂತು ಕಣ್ಣಲ್ಲೇ ಆಟವನ್ನು ಕಲಿತರು. ಕಲಿತವರಿಗೆ ಬೂಟು ಕೊಳ್ಳುವ ಶಕ್ತಿಯಿರಲಿಲ್ಲ; ಅವರು ಬರಿಗಾಲಿನಲ್ಲೇ ಆಡಿದರು. ಹೀಗೆ ಗುರುವಿಲ್ಲದೆ ಕಲಿತ ವಿದ್ಯೆ ಒಂದೆರಡು ತಲೆಮಾರುಗಳಲ್ಲಿ ಗುರುವನ್ನೇ ಎದುರಿಸುವಷ್ಟು ಬಲಿಯಿತು.

ಅದಕ್ಕೊಂದು ಸಾಕ್ಷಿಯಿದೆ. ಮುಂಬಯಿಯ ರೋವರ್ಸ್ ಕಪ್ ಪಂದ್ಯಾವಳಿ ಆರಂಭವಾದದ್ದು 1891ರಲ್ಲಿ. ನಾಲ್ಕು ದಶಕಗಳಿಗೂ ಮೀರಿದ ಕಾಲ ಆ ಕಪ್ಪನ್ನು ಯಾವ ಭಾರತೀಯ ತಂಡವೂ ಗೆಲ್ಲಲಾಗಲಿಲ್ಲ. 1937ರಲ್ಲಿ ಆ ಗೌರವವನ್ನು ಮೊತ್ತಮೊದಲು ದೊರಕಿಸಿಕೊಂಡದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ಮರುವರ್ಷವೂ ಕಪ್ಪು ಬೆಂಗಳೂರಿಗೇ ಬಂದಿತು. ಆಗ ಅಹಮದ್ ಹತ್ತು ಹನ್ನೊಂದು ವರ್ಷದ ಬಾಲಕ. ತನ್ನ ಊರಿನವರು ದಂಡಿನ ತಂಡಗಳನ್ನು ಹಿಂದಿಕ್ಕಿ ಕಪ್ಪನ್ನು ಹೊತ್ತು ತಂದ ವರ್ಷಗಳಲ್ಲಿ ಬೆಳೆದ ಹುಡುಗನಿಗೆ 'ನಮ್ಮಿಂದ ಆದೀತೇ' ಎಂಬ ಅಳುಕು ಇರಲು ಕಾರಣವಿರಲಿಲ್ಲ.

ಮನೆಯೂ ಫುಟ್‌ಬಾಲ್ ಮನೆಯೇ. ಸೋದರರೂ ಆಟಗಾರರು. ಅಹಮದ್ ಮೊದಲು ಬೆಂಗಳೂರು ಕ್ರೆಸೆಂಟ್ಸ್ ತಂಡದಲ್ಲಿ ಪಳಗಿ, ಅನಂತರ ಬೆಂಗಳೂರು ಮುಸ್ಲಿಮ್ಸ್ ತಂಡವನ್ನು ಸೇರಿದರು. ಅವರು ಆಡುತ್ತಿದ್ದ ಸ್ಥಾನ ಇನ್‌ಸೈಡ್ ಲೆಫ್ಟ್. ಈ ಸ್ಥಾನದ ಸ್ವಾರಸ್ಯವನ್ನು ಇಂದಿನ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಆಗ ತಂಡದ ಮುಂಪಡೆಯಲ್ಲಿ ಐವರು ನಿಲ್ಲುತ್ತಿದ್ದರು. ಎರಡು ಅಂಚುಗಳಲ್ಲಿ ಇಬ್ಬರು, ನಟ್ಟನಡುವೆ ಒಬ್ಬ, ಅಂಚಿಗೂ ನಡುವಿಗೂ ಮಧ್ಯೆ ಎಡಕ್ಕೊಬ್ಬ, ಬಲಕ್ಕೊಬ್ಬ. ಈ ಕೊನೆಯ ಇಬ್ಬರದು ದುಡಿಮೆಯ ಸ್ಥಾನ. ಹಿಂದಿನ ಸಾಲಿಗೆ ಇಳಿದು ಚೆಂಡನ್ನು ಪಡೆಯಬೇಕು; ಎದುರಾಳಿಗಳನ್ನು ತನ್ನತ್ತ ಸೆಳೆಯಬೇಕು; ಅವರು ಹತ್ತಿರ ಬಂದ ಗಳಿಗೆಯಲ್ಲಿ ಚೆಂಡನ್ನು ತೆರವಾದ ಗೆಳೆಯನಿಗೆ ದಾಟಿಸಬೇಕು. ಗೋಲು ಹೊಡೆದವನ ಹೆಸರು ಮರುದಿನ ಎಲ್ಲರ ಬಾಯಲ್ಲಿ. ಗೋಲಿಗೆ ದಾರಿ ಮಾಡಿಕೊಟ್ಟವನನ್ನು ಬಲ್ಲವರು ಮಾತ್ರ ಬಲ್ಲರು. ಇಂದು ಇಂಗ್ಲೆಂಡಿನ ಶ್ರೀಮಂತ ಕ್ಲಬ್ಬುಗಳು ಕೋಟಿಗಟ್ಟಲೆ ಹಣ ಸುರಿದು ಹದಿಹರೆಯದ ಮಿಡ್‌ಫೀಲ್ಡ್ ಆಟಗಾರರನ್ನು ಕೊಳ್ಳುವುದು ಬಹುಮಟ್ಟಿಗೆ ಇದೇ ಕೆಲಸಕ್ಕಾಗಿ.

ಅಹಮದರ ಹೆಚ್ಚುಗಾರಿಕೆ ಚೆಂಡಿನ ಮೇಲಿನ ಹಿಡಿತ. ಬೂಟು ತೊಟ್ಟವನಿಗೂ ಚೆಂಡಿಗೂ ನಡುವೆ ಗಟ್ಟಿ ತೊಗಲಿನ ಅಡ್ಡಿಯಿರುತ್ತದೆ. ಬರಿಗಾಲಿನವನಿಗೆ ಪಾದವೇ ಅಂಗೈ. ಚೆಂಡು ತಿರುಗುವ ವೇಗ, ಉರುಳುವ ಓರೆ, ಪುಟಿಯುವ ಮನಸ್ಸು ಎಲ್ಲವೂ ಚರ್ಮಕ್ಕೆ ತಿಳಿಯುತ್ತವೆ. ಹಾವಾಡಿಗನ ಪುಂಗಿಗೆ ಹಾವು ತಲೆದೂಗುವಂತೆ ಅವರ ಕಾಲಿನ ಸನ್ನೆಗೆ ಚೆಂಡು ತಲೆದೂಗುತ್ತಿತ್ತೆಂದು ಕಂಡವರು ಕೊಂಡಾಡಿದರು. ಹಾವಾಡಿಗನೆಂಬ ಬಿರುದು ಅವರ ಹೆಸರಿಗೆ ಅಂಟಿಕೊಂಡಿತು.

1948 ಅವರ ಪಾಲಿಗೆ ಹೆದ್ದಾರಿ ತೆರೆದ ವರ್ಷ. ಸ್ವತಂತ್ರ ಭಾರತ ಮೊದಲ ಬಾರಿಗೆ ಒಲಿಂಪಿಕ್ ಕೂಟಕ್ಕೆ ಕಾಲ್ಚೆಂಡಾಟದ ತಂಡವನ್ನು ಕಳುಹಿಸಿತು. ತಲಿಮೆರೆನ್ ಆವೋ ನಾಯಕರಾಗಿದ್ದ ಆ ತಂಡದಲ್ಲಿ ಬೆಂಗಳೂರಿನ ಬಯಲುಗಳಲ್ಲಿ ಬೆಳೆದ ಅಹಮದ್ ಖಾನ್, ಧನರಾಜ್, ಸಾರಂಗಪಾಣಿ ರಾಮನ್ ಮೊದಲಾದವರಿದ್ದರು. ಜುಲೈ 31ರಂದು ಲಂಡನ್ನಿನ ಅಂಚಿನ ಇಲ್‌ಫರ್ಡಿನಲ್ಲಿ ಫ್ರಾನ್ಸಿನೊಡನೆ ಪಂದ್ಯ. ಭಾರತೀಯರಲ್ಲಿ ಹೆಚ್ಚಿನವರು ಬರಿಗಾಲಿನವರು. ಇಪ್ಪತ್ತೊಂದರ ಹರೆಯದ ಅಹಮದರಿಗೆ ಅದು ಜಗತ್ತಿನ ಮುಂದೆ ಮೊದಲ ಪರೀಕ್ಷೆ.

ನೋಡಲು ನೆರೆದ ಸಾವಿರಾರು ಇಂಗ್ಲಿಷರು ಮೊದಲು ಕುತೂಹಲದಿಂದ, ಬರಬರುತ್ತ ಮೆಚ್ಚುಗೆಯಿಂದ ಈ ಬರಿಗಾಲುಗಳನ್ನು ನೋಡಿದರು. ಫ್ರಾನ್ಸ್ ಮೊದಲ ಗೋಲು ಗಳಿಸಿತು. ಎರಡನೆಯ ಅವಧಿಯಲ್ಲಿ ರಾಮನ್ ಅದನ್ನು ಸರಿಗಟ್ಟಿದರು. ಆದರೆ ಭಾರತಕ್ಕೆ ದೊರೆತ ಎರಡು ಪೆನಾಲ್ಟಿ ಒದೆತಗಳು ಎರಡೂ ವ್ಯರ್ಥವಾದವು. ಪಂದ್ಯ ಮುಗಿಯುವ ಹೊತ್ತಿಗೆ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2-1ರಿಂದ ಗೆದ್ದಿತು. ಸೋಲು ಸೋಲೇ, ಆದರೂ ಅಂದು ಸೋತವರು ತಲೆ ತಗ್ಗಿಸುವ ಕಾರಣವಿರಲಿಲ್ಲ. ಅದೇ ವರ್ಷ ಬೆಂಗಳೂರು ಮುಸ್ಲಿಮ್ಸ್ ತಂಡ ಮೂರನೆಯ ಬಾರಿ ರೋವರ್ಸ್ ಕಪ್ಪನ್ನು ಗೆದ್ದುಕೊಂಡಿತು.

ಇಷ್ಟೆಲ್ಲ ಕೀರ್ತಿ ಬಂದ ಮೇಲೆ ತರುಣನ ಮುಂದೆ ನಿಂತದ್ದು ಮೊದಲು ಹೇಳಿದ ಪ್ರಶ್ನೆಯೇ. ಕಪ್ಪು ಮನೆಯ ಒಲೆಯನ್ನು ಹೊತ್ತಿಸುವುದಿಲ್ಲ. ಆಗ ಕಾಲ್ಚೆಂಡಾಟಕ್ಕೆ ನಿಜವಾದ ರಾಜಧಾನಿ ಕಲ್ಕತ್ತೆ. ಅಲ್ಲಿನ ಮೈದಾನದಲ್ಲಿ ಒಂದು ಪಂದ್ಯಕ್ಕೆ ಜನ ಜಾತ್ರೆಯಂತೆ ಸೇರುತ್ತಿದ್ದರು. ದೊಡ್ಡ ಕ್ಲಬ್ಬುಗಳು ದೂರದ ಊರುಗಳಿಂದ ಪ್ರತಿಭಾವಂತರನ್ನು ಹುಡುಕಿ ಕರೆಸಿಕೊಂಡು, ಅವರ ವಾಸಕ್ಕೂ ಜೀವನಕ್ಕೂ ಏರ್ಪಾಡು ಮಾಡುತ್ತಿದ್ದವು. ಈಸ್ಟ್ ಬೆಂಗಾಲ್ ಕ್ಲಬ್ಬು ಅಹಮದರನ್ನು ಕರೆಯಿತು. 1949ರಲ್ಲಿ ಅವರು ಹೊರಟರು.

ಹೊಟ್ಟೆಪಾಡಿಗಾಗಿ ಊರು ಬಿಡುವುದು ಎಂಥದೆಂಬುದನ್ನು ಮುದ್ದೇಬಿಹಾಳದವರಿಗೆ ಯಾರೂ ಕಲಿಸಬೇಕಿಲ್ಲ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮಕ್ಕಳುಮರಿಗಳೊಡನೆ ಗುಳೆ ಹೊರಡುವ ದುಃಖವನ್ನು ಆ ನಾಡು ಚೆನ್ನಾಗಿ ಬಲ್ಲದು. ಆಟಗಾರನ ಪಯಣದಲ್ಲಿ ಅಂಥ ದೈನ್ಯವಿಲ್ಲ, ನಿಜ. ಅವನನ್ನು ಹಾರ ಹಾಕಿ ಬರಮಾಡಿಕೊಳ್ಳುವವರಿದ್ದಾರೆ. ಆದರೂ ಎರಡಕ್ಕೂ ಮೂಲ ಒಂದೇ: ಬೆಳೆಸಿದ ನೆಲಕ್ಕೆ ಉಳಿಸಿಕೊಳ್ಳುವ ಶಕ್ತಿಯಿಲ್ಲ. ಭಾಷೆ ಬೇರೆ, ಊಟ ಬೇರೆ, ಮಳೆಯೂ ಬೇರೆ ಎಂಬ ಊರಿನಲ್ಲಿ ಇಪ್ಪತ್ತೆರಡರ ತರುಣ ತನ್ನ ಕಾಲುಗಳನ್ನೇ ಬಂಡವಾಳವಾಗಿ ನಂಬಿ ಇಳಿದ.

ಬಂಡವಾಳ ಬೇಗನೆ ಫಲ ಕೊಟ್ಟಿತು. ದಕ್ಷಿಣದಿಂದ ಹೋದ ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ ಈ ಐವರು ಈಸ್ಟ್ ಬೆಂಗಾಲಿನ ಮುಂಪಡೆಯಾದರು. ಬಂಗಾಳದ ಜನ ಅವರಿಗೆ 'ಪಂಚಪಾಂಡವ'ರೆಂದು ಹೆಸರಿಟ್ಟರು. ಹಿಂದೂ, ಕ್ರೈಸ್ತ, ಮುಸಲ್ಮಾನ ಎಂಬ ಭೇದವನ್ನು ಆ ಹೆಸರು ಎಣಿಸಲಿಲ್ಲ. ದೇಶ ಇಬ್ಭಾಗವಾದ ಗಾಯ ಇನ್ನೂ ಹಸಿಯಾಗಿದ್ದ ನಗರದಲ್ಲಿ, ಪೂರ್ವ ಬಂಗಾಳದಿಂದ ಮನೆಮಠ ಕಳೆದುಕೊಂಡು ಬಂದ ನಿರಾಶ್ರಿತರು ತಮ್ಮದೆಂದು ಅಪ್ಪಿಕೊಂಡ ಕ್ಲಬ್ಬಿನಲ್ಲಿ, ಅಹಮದ್ ಖಾನ್ ಅವರ ಪಾಂಡವರಲ್ಲೊಬ್ಬರಾದರು. ಊರು ಬಿಟ್ಟು ಬಂದವರು ಊರು ಬಿಟ್ಟು ಬಂದವನನ್ನು ತಮ್ಮವನೆಂದರು. 1949ರಲ್ಲಿಯೇ ಆ ತಂಡ ಕಲ್ಕತ್ತೆಯ ಲೀಗ್, ಐ.ಎಫ್.ಎ. ಶೀಲ್ಡ್, ರೋವರ್ಸ್ ಕಪ್ ಮೂರನ್ನೂ ಗೆದ್ದಿತು. ಶೀಲ್ಡನ್ನು 1951ರವರೆಗೆ ಸತತವಾಗಿ ಮೂರು ವರ್ಷ ತನ್ನಲ್ಲೇ ಇರಿಸಿಕೊಂಡಿತು.

ಈ ನಡುವೆ ಒಂದು ದೊಡ್ಡ ಬಾಗಿಲು ತೆರೆದು ಮುಚ್ಚಿತು. 1950ರ ವಿಶ್ವ ಕಪ್ ಬ್ರೆಜಿಲಿನಲ್ಲಿ ನಡೆದಾಗ ಭಾರತಕ್ಕೆ ಪ್ರವೇಶ ದೊರೆತಿತ್ತು, ಭಾರತ ಹೋಗಲಿಲ್ಲ. ಬರಿಗಾಲಿನಲ್ಲಿ ಆಡಲು ಅನುಮತಿ ಸಿಗಲಿಲ್ಲವೆಂಬುದು ಜನಜನಿತವಾದ ಮಾತು. ತಂಡದ ಆಯ್ಕೆಯಲ್ಲಿ ಒಮ್ಮತವಿಲ್ಲ, ಅಭ್ಯಾಸಕ್ಕೆ ಕಾಲವಿಲ್ಲ ಎಂಬುದು ಆಗ ಮುಂದಿಟ್ಟ ಕಾರಣ. ಅಂದಿನ ಅಧಿಕಾರಿಗಳಿಗೆ ವಿಶ್ವ ಕಪ್ಪಿಗಿಂತ ಒಲಿಂಪಿಕ್ಸೇ ದೊಡ್ಡದಾಗಿ ಕಂಡಿತ್ತು. ಇಪ್ಪತ್ಮೂರರ ಅಹಮದರಿಗೂ ಅವರ ಸಮವಯಸ್ಕರಿಗೂ ಆ ಕಣ ಮತ್ತೆ ದೊರೆಯಲೇ ಇಲ್ಲ. ಮರುವರ್ಷ ದೆಹಲಿಯ ಪ್ರಥಮ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದಿತು; ಆ ತಂಡದಲ್ಲಿ ಅಹಮದ್ ಇದ್ದರು.

ಅನಂತರ ಬಂದದ್ದು 1952ರ ಹೆಲ್ಸಿಂಕಿ. ಅಲ್ಲಿ ಬರಿಗಾಲಿನ ವಿದ್ಯೆಯ ಮಿತಿ ಬಯಲಾಯಿತು. ಎರೆಹೊಲದಲ್ಲಿ ನಡೆದವರಿಗೆ ಇದು ಬೇಗ ಅರ್ಥವಾದೀತು. ಬೇಸಗೆಯಲ್ಲಿ ಕಲ್ಲಿನಂತಿರುವ ಎರೆ ಬರಿಗಾಲಿಗೆ ಒಗ್ಗುತ್ತದೆ. ಒಂದು ಮಳೆ ಬಿದ್ದರೆ ಅದೇ ನೆಲ ಕಾಲನ್ನು ಹಿಡಿಯುತ್ತದೆ, ಇಲ್ಲವೇ ಜಾರಿಸುತ್ತದೆ. ಬೆಂಗಳೂರಿನ ಗಟ್ಟಿ ಕೆಮ್ಮಣ್ಣಿನ ಮೇಲೆ ಮಾಂತ್ರಿಕವಾಗಿದ್ದ ಪಾದಗಳು ಉತ್ತರದ ಚಳಿನಾಡಿನ ಹಸಿರು ಹುಲ್ಲಿನ ಮೇಲೆ ನಿಸ್ಸಹಾಯಕವಾದವು. ಎದುರಾಳಿ ಯುಗೋಸ್ಲಾವಿಯ, ಆ ಕೂಟದಲ್ಲಿ ಬೆಳ್ಳಿಯ ಪದಕ ಗಳಿಸಿದ ತಂಡ. ಭಾರತ 10-1ರಿಂದ ಸೋತಿತು. ಆ ಒಂದು ಗೋಲು ಅಹಮದ್ ಖಾನರದು.

ಹತ್ತು ಗೋಲುಗಳು ಆದ ಮೇಲೆ, ಪಂದ್ಯ ಮುಗಿಯಲು ಒಂದೆರಡು ನಿಮಿಷಗಳಿರುವಾಗ, ಗೆಲ್ಲುವ ಆಸೆ ಎಲ್ಲಿಯೂ ಉಳಿಯದಿರುವಾಗ ಹೊಡೆದ ಗೋಲಿಗೆ ಲೆಕ್ಕದಲ್ಲಿ ಬೆಲೆಯಿಲ್ಲ. ಆಟಗಾರನ ಗುಣವನ್ನು ತೂಗುವವರು ಮಾತ್ರ ಅದನ್ನು ಮರೆಯಲಾರರು. ಲಂಡನ್ನಿನ ಮೆಚ್ಚುಗೆಯಲ್ಲಿ ಆಡುವುದು ಸುಲಭ; ಹೆಲ್ಸಿಂಕಿಯ ಅವಮಾನದಲ್ಲಿಯೂ ಕೊನೆಯವರೆಗೆ ಚೆಂಡಿನ ಬೆನ್ನು ಬಿಡದಿರುವುದು ಸುಲಭವಲ್ಲ.

ಆ ಸೋಲಿನ ಅನಂತರ ಬೂಟು ಕಡ್ಡಾಯವಾಯಿತು. ಹೊಸ ಪದ್ಧತಿಯಲ್ಲಿ ಪಳಗಿದ ಭಾರತದ ತಂಡ 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಮೈಸೂರು ನಾಡಿನ ಕೆಂಪಯ್ಯ ಆ ತಂಡದ ನಡುಸಾಲಿನ ಆಟಗಾರರು. ಅವರೂ ಕಲ್ಕತ್ತೆಯ ಹಾದಿ ಹಿಡಿದವರೇ. ಅಹಮದ್ ಖಾನ್ ಒಂದು ದಶಕದ ಕಾಲ ಈಸ್ಟ್ ಬೆಂಗಾಲಿಗೆ ಆಡಿ, ಕಲ್ಕತ್ತೆಯವರೇ ಆಗಿಹೋದರು. 2017ರ ಆಗಸ್ಟ್ 27ರಂದು ತೊಂಬತ್ತರ ತುಂಬು ವಯಸ್ಸಿನಲ್ಲಿ ಅವರು ಕಣ್ಮುಚ್ಚಿದ್ದೂ ಅಲ್ಲಿಯೇ.

ಆಟದಿಂದ ಹೊಟ್ಟೆ ತುಂಬೀತೇ ಎಂಬ ತಂದೆಯ ಪ್ರಶ್ನೆ ತಪ್ಪಲ್ಲ. ಅಹಮದ್ ಖಾನರಿಗೆ ತುಂಬಿತು. ಆದರೆ ಅದನ್ನು ತುಂಬಿಸಿದ್ದು ಹುಟ್ಟಿದ ಊರಲ್ಲ. ತಂದೆ ಈ ಪ್ರಶ್ನೆಯನ್ನು ಮಗನೊಬ್ಬನಿಗೇ ಕೇಳಿದರೆ ಸಾಲದು, ಊರಿಗೂ ಕೇಳಬೇಕು. ಬಯಲು ಕೊಡುವವರು, ಚೆಂಡು ಕೊಡುವವರು, ಹದಿನೆಂಟು ದಾಟಿದ ಹುಡುಗನಿಗೆ ಒಂದು ನೌಕರಿ ಕೊಟ್ಟು ಸಂಜೆ ಆಡಲು ಬಿಡುವವರು ಇರುವೆಡೆ ಆಟಗಾರ ಉಳಿಯುತ್ತಾನೆ. ಇಲ್ಲದೆಡೆ ಅವನು ಹುಟ್ಟುವುದೇನೂ ನಿಲ್ಲುವುದಿಲ್ಲ. ಬೆಳೆದು, ಕಾಲಲ್ಲಿ ಶಕ್ತಿ ತುಂಬಿದ ದಿನ, ರೈಲು ಹತ್ತುತ್ತಾನೆ.