ಹಳೆಯ ಡ್ರಮ್ಮಿಗೆ ಹೊಸ ತಿರುಪು

ಹಳೆಯ ವಾದ್ಯದ ಭಾಗವೊಂದು ಸವೆದುಹೋದಾಗ, ಅದೇ ಅಚ್ಚಿನಲ್ಲಿ ಈಚೆಗೆ ತಯಾರಾದ ಇನ್ನೊಂದನ್ನು ತಂದು ಕೂರಿಸಬಹುದೆ? ಕೂರಿಸಿದ ಮೇಲೂ ಆ ವಾದ್ಯವನ್ನು ಹಳೆಯದೆಂದು ಕರೆಯಬಹುದೆ? ಕೊಚ್ಚಿಯಲ್ಲಿಯೂ ತಿರುವನಂತಪುರದಲ್ಲಿಯೂ ನಮ್ಮ ಬಳಗದ ಸಂಗೀತಪ್ರಿಯರು ಸೇರಿದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ; ಹೆಚ್ಚಾಗಿ ಸ್ನೇರ್ ಡ್ರಮ್ಮನ್ನು ಕುರಿತು ಏಳುತ್ತದೆ. ಒಂದು ತಿರುಪನ್ನು ಬದಲಿಸಿದರೂ ವಾದ್ಯದ ಮರ್ಯಾದೆ ಹೋಯಿತೆನ್ನುವವರು ಒಂದು ಕಡೆ. ಎಲ್ಲವನ್ನೂ ಬದಲಿಸಿ, ಥಳಥಳ ಹೊಳೆಯಿಸಿ, ಅಪ್ಪಟ ಹಳೆಯದೆಂದು ಮಾರುವವರು ಇನ್ನೊಂದು ಕಡೆ. ಇಬ್ಬರನ್ನೂ ನಾವು ಒಪ್ಪಲಾರೆವು.

ಈ ವಾದ್ಯ ಕೇರಳಕ್ಕೆ ಹೊಸದಲ್ಲ. ಚರ್ಚಿನ ಹಬ್ಬಗಳ ಬ್ಯಾಂಡ್ ಸೆಟ್ಟುಗಳಲ್ಲಿ, ಪೊಲೀಸ್ ಬ್ಯಾಂಡುಗಳಲ್ಲಿ ಅದರ ಸದ್ದನ್ನು ಇಲ್ಲಿಯವರು ಬಹುಕಾಲದಿಂದ ಕೇಳಿದ್ದಾರೆ. ಕೊಚ್ಚಿಯಲ್ಲಿ 1977ರಲ್ಲಿ ಹುಟ್ಟಿದ ಥರ್ಟೀನ್ ಎ.ಡಿ., ತಿರುವನಂತಪುರದಲ್ಲಿ 2003ರಲ್ಲಿ ಹುಟ್ಟಿದ ಅವಿಯಲ್ ಮುಂತಾದ ತಂಡಗಳು ಅದನ್ನು ರಾಕ್ ಸಂಗೀತದ ವೇದಿಕೆಗೂ ತಂದವು. ಆದ್ದರಿಂದ ಹಳೆಯ ಡ್ರಮ್ಮುಗಳು ಇಲ್ಲಿನ ಮನೆಗಳ ಅಟ್ಟದಲ್ಲಿ ಇನ್ನೂ ಇವೆ.

ವಾದ್ಯದ ರಚನೆಯನ್ನು ತಿಳಿಯದೆ ತೀರ್ಪು ಕೊಡುವುದು ಸಲ್ಲದು. ಸ್ನೇರ್ ಡ್ರಮ್ಮಿನ ಒಡಲು ಸಾಮಾನ್ಯವಾಗಿ 14 ಅಂಗುಲ ಅಗಲ, 5ರಿಂದ 6.5 ಅಂಗುಲ ಆಳ. ಮೇಲೊಂದು, ಕೆಳಗೊಂದು ಹೆಡ್ಡು. ಕೆಳಗಿನ ಹೆಡ್ಡಿಗೆ ಒತ್ತಿಕೊಂಡಿರುವ ಸುರುಳಿ ತಂತಿಗಳ ಸಾಲಿನಿಂದಲೇ ಆ ಚರಚರ ದನಿ ಬರುವುದು. ಇಂದಿನ ವಾದ್ಯಗಳಲ್ಲಿ ಬಹುಪಾಲು 20 ತಂತಿಗಳಿರುತ್ತವೆ. ಅವನ್ನು ಬಿಗಿದು ಸಡಿಲಿಸುವ ಸನ್ನೆಗೆ ಸ್ಟ್ರೇನರ್ ಎಂದು ಹೆಸರು. ಒಡಲಿಗೆ ಕೂರಿಸಿದ ಲಗ್ಗುಗಳೊಳಗೆ ತಿರುಗುವ ರಾಡುಗಳು ಲೋಹದ ಬಳೆಯನ್ನು ಎಳೆದು ಹೆಡ್ಡನ್ನು ಬಿಗಿಯುತ್ತವೆ. ಇವುಗಳಲ್ಲಿ ಹೆಡ್ಡು, ತಂತಿಗಳು ಸವೆಯುವುದಕ್ಕೆಂದೇ ಇರುವಂಥವು. ಸ್ಟ್ರೇನರು ಬಳಕೆಯಿಂದ ಸಡಿಲಗೊಳ್ಳುತ್ತದೆ. ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದ ಲಗ್ಗುಗಳು ಅತಿಯಾಗಿ ಬಿಗಿದರೆ ಬಿರಿಯುತ್ತವೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುವ ಕೊಚ್ಚಿಯಲ್ಲಿ, ಉಪ್ಪುಗಾಳಿಯ ನಡುವೆ, ಕ್ರೋಮಿನ ಲೇಪವೂ ಬಹುಕಾಲ ನಿಲ್ಲದು.

ಏನನ್ನೂ ಬದಲಿಸಬಾರದೆನ್ನುವ ವಾದ ಇಲ್ಲಿಯೇ ಕುಸಿಯುತ್ತದೆ. 1950ರ ದಶಕದ ಕೊನೆಯವರೆಗೆ ಡ್ರಮ್ಮುಗಳಿಗೆ ಕರುವಿನ ತೊಗಲನ್ನೇ ಹೊದಿಸುತ್ತಿದ್ದರು. ಆಮೇಲೆ ಅಮೆರಿಕದ ಚಿಕ್ ಇವಾನ್ಸ್, ರೆಮೊ ಬೆಲ್ಲಿ ಮೊದಲಾದವರು ಪ್ಲಾಸ್ಟಿಕ್ ಹೆಡ್ಡುಗಳನ್ನು ಬಳಕೆಗೆ ತಂದರು. ಮಳೆಗಾಲದಲ್ಲಿ ತೊಗಲು ಜೋತುಬೀಳುವ ಕೇರಳದಂಥ ನಾಡಿಗೆ ಅದು ವರವೇ ಆಯಿತು. ಇಂದು ಹಳೆಯದೆಂದು ನಾವು ಗೌರವಿಸುವ ಎಷ್ಟೋ ಡ್ರಮ್ಮುಗಳು ಮೊದಲ ಹೆಡ್ಡನ್ನು ಎಂದೋ ಕಳೆದುಕೊಂಡಿವೆ.

ನಮ್ಮ ವಾದ್ಯಗಳ ಕಥೆಯೂ ಇದೇ. ಕಾಸರಗೋಡಿನ ಯಕ್ಷಗಾನದ ಮದ್ದಳೆಗೆ ಮುಚ್ಚಿಗೆ ಬದಲಿಸಿದರೆ ಮದ್ದಳೆ ಬೇರೆಯಾಯಿತೆಂದು ಯಾವ ಭಾಗವತರೂ ಹೇಳುವುದಿಲ್ಲ. ತಿರುವನಂತಪುರದ ಮಾರ್ಗಿಯಲ್ಲಿ ಕೂಡಿಯಾಟ್ಟಂ ನೋಡಿದವರು ಮಿಳಾವು ವಾದ್ಯವನ್ನು ಬಲ್ಲರು. ಹಿಂದೆ ಮಣ್ಣಿನದಾಗಿದ್ದ ಆ ಕೊಡ ಈಗ ಹೆಚ್ಚಾಗಿ ತಾಮ್ರದ್ದು. ಅದರ ಬಾಯಿಗೆ ಬಿಗಿದ ತೊಗಲನ್ನು ಮತ್ತೆ ಮತ್ತೆ ಬದಲಿಸಲೇಬೇಕು. ಹೀಗಿದ್ದೂ ಸಂಪ್ರದಾಯವು ಮಿಳಾವನ್ನು ಬ್ರಹ್ಮಚಾರಿಯೆಂದು ಕಾಣುತ್ತದೆ, ಉಪನಯನ ಮಾಡುತ್ತದೆ, ಕೈಲಾಗದಂತಾದಾಗ ಅಂತ್ಯಸಂಸ್ಕಾರ ಮಾಡುತ್ತದೆ. ತೊಗಲು ಎಷ್ಟು ಸಲ ಬದಲಾದರೂ ವಾದ್ಯದ ವ್ಯಕ್ತಿತ್ವ ಒಂದೇ ಎಂಬ ತಿಳಿವಳಿಕೆ ಈ ನೆಲದಲ್ಲಿ ಹಿಂದಿನಿಂದಲೂ ಇದೆ.

ಹಾಗೆಂದು ಬದಲಾವಣೆಗೆ ಮಿತಿ ಬೇಡವೆಂದಲ್ಲ. ನಮ್ಮ ಬಳಗದ ಹಿರಿಯರೊಬ್ಬರು ಕೊಚ್ಚಿಯಲ್ಲಿದ್ದಾರೆ. 1960ರ ದಶಕದ ಇಂಗ್ಲಿಷ್ ಪ್ರೀಮಿಯರ್ ಸ್ನೇರ್ ಡ್ರಮ್ಮೊಂದು ಅವರ ಬಳಿ ಇದೆ. ತಿರುವನಂತಪುರದಲ್ಲಿರುವ ಅವರ ಮಗ ಅದನ್ನು ನುಡಿಸಬೇಕೆಂದು ಹಂಬಲಿಸುತ್ತಾನೆ. ಸ್ಟ್ರೇನರನ್ನೂ ರಾಡುಗಳನ್ನೂ ಹೊಸದಾಗಿ ತರಿಸಿ ಕಂಪನಿಯಿಂದ ಬಂದಂತೆಯೇ ಮಾಡುವುದು ಅವನ ಆಸೆ. ತಂದೆ ಬೇಡವೆನ್ನುತ್ತಾರೆ. ಆ ರಾಡುಗಳಲ್ಲಿ ಮೂರು ಕಂಪನಿಯವಲ್ಲ. ಊರಿನ ಲೇತ್ ಕೆಲಸದವನೊಬ್ಬ ಹಿತ್ತಾಳೆಯಲ್ಲಿ ಕಡೆದುಕೊಟ್ಟವು. 1991ಕ್ಕೆ ಮೊದಲು ಹೊರದೇಶದ ಬಿಡಿಭಾಗ ತರಿಸುವುದೆಂದರೆ ಪರವಾನಗಿಯ ಮಾತು; ಕೈಯಲ್ಲಿದ್ದ ಲೋಹ, ಹತ್ತಿರದ ಲೇತ್ ಇವೆರಡೇ ಗತಿ.

ನಮ್ಮ ಅಭಿಪ್ರಾಯ ಇಬ್ಬರ ನಡುವೆ ನಿಲ್ಲುತ್ತದೆ. ಸ್ಟ್ರೇನರು ಕೆಲಸ ಮಾಡದಿದ್ದರೆ ಬದಲಿಸಲಿ; ತಂತಿ ಬಿಗಿಯಲಾಗದ ಸ್ನೇರ್ ಡ್ರಮ್ಮು ಬರಿಯ ಡಬ್ಬ. ಆದರೆ ಆ ಮೂರು ಹಿತ್ತಾಳೆ ರಾಡುಗಳು ಬಿಗಿ ಹಿಡಿಯುವವರೆಗೆ ಅಲ್ಲಿಯೇ ಇರಲಿ. ಅವು ಆ ವಾದ್ಯವು ಕೊಚ್ಚಿಯಲ್ಲಿ ಬಾಳಿದ್ದಕ್ಕೆ ಸಾಕ್ಷಿ. ಕಾರ್ಖಾನೆಯಿಂದ ಹೊರಟ ದಿನದ ರೂಪಕ್ಕೆ ಅದನ್ನು ಮರಳಿಸಹೊರಟರೆ, ಅದಾದ ಮೇಲಿನ ಅರವತ್ತು ವರ್ಷಗಳನ್ನು ಅಳಿಸಿದಂತಾಗುತ್ತದೆ. ಹೊರನಾಡಿನಲ್ಲಿ ಬಾಳುತ್ತ, ಮನೆಮಾತಿನೊಳಗೆ ಮಲಯಾಳದ ನಾಲ್ಕು ಪದಗಳನ್ನು ಸೇರಿಸಿಕೊಂಡಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬದಲಿಸುವಾಗಲೂ ವಿವೇಕ ಬೇಕು. ಅಮೆರಿಕದ ರಾಡುಗಳ ಥ್ರೆಡ್ಡು ಅಂಗುಲಕ್ಕೆ 24. ಹಳೆಯ ಇಂಗ್ಲಿಷ್ ವಾದ್ಯಗಳದು ವಿಟ್‌ವರ್ತ್ ಪದ್ಧತಿಯದು. ಜರ್ಮನಿಯದು ಮಿಲಿಮೀಟರ್ ಲೆಕ್ಕದ್ದು. ಒಂದನ್ನು ಇನ್ನೊಂದರೊಳಗೆ ಬಲವಂತದಿಂದ ತಿರುಗಿಸಿದರೆ ಹೊಸ ರಾಡು ಹಳೆಯ ಲಗ್ಗಿನ ಥ್ರೆಡ್ಡನ್ನು ಕೊಲ್ಲುತ್ತದೆ. ಹಳೆಯ ಪ್ರೀಮಿಯರ್ ಡ್ರಮ್ಮುಗಳ ಅಳತೆ ಈಗಿನ ಅಳತೆಗಿಂತ ತುಸು ಬೇರೆ. ಇಂದಿನ ಹೆಡ್ಡು ಕೂರದಿದ್ದರೆ ಒಡಲನ್ನು ಉಜ್ಜಲು ಹೊರಡಬಾರದು, ತಕ್ಕ ಹೆಡ್ಡನ್ನೇ ಹುಡುಕಬೇಕು. ಹೊಸ ಸ್ಟ್ರೇನರಿಗಾಗಿ ಒಡಲಿನಲ್ಲಿ ಇನ್ನೊಂದು ತೂತು ಕೊರೆದರೆ ಅದನ್ನು ಯಾವ ಕಾಲಕ್ಕೂ ಮುಚ್ಚಲಾಗದು. ಹಳೆಯ ತೂತುಗಳಿಗೆ ಸರಿಹೊಂದುವ ಭಾಗ ಸಿಗುವವರೆಗೆ ಕಾಯುವುದೇ ಮೇಲು. ಮರುತಯಾರಿಕೆಯ ಭಾಗಗಳಿಂದಾಗುವ ದೊಡ್ಡ ಉಪಕಾರವೂ ಇದೇ: ಅಚ್ಚು ಸರಿಯಾಗಿದ್ದರೆ ಅವು ಒಡಲನ್ನು ಹೊಸ ಗಾಯದಿಂದ ಉಳಿಸುತ್ತವೆ.

ಆದರೆ ಒಂದು ಭಾಗವನ್ನು ಮಾತ್ರ ಮರುತಯಾರಿಸಬಾರದೆಂದು ನಾವು ದೃಢವಾಗಿ ನಂಬಿದ್ದೇವೆ. ಅದು ಬ್ಯಾಡ್ಜು. ಲಡ್ವಿಗ್ ಕಂಪನಿ 1963ರ ಕೊನೆಯ ಹೊತ್ತಿಗೆ ತನ್ನ ಬ್ಯಾಡ್ಜುಗಳ ಮೇಲೆ ಕ್ರಮಸಂಖ್ಯೆಯನ್ನು ಒತ್ತತೊಡಗಿತು. ಸಂಗ್ರಾಹಕರು ವಾದ್ಯದ ವಯಸ್ಸನ್ನು ಅಳೆಯುವುದು ಅಂಥ ಗುರುತುಗಳಿಂದ. ರಾಡು ಬಿಗಿಯುವ ಕೆಲಸ ಮಾಡುತ್ತದೆ, ತಂತಿ ದನಿ ಕೊಡುತ್ತದೆ. ಬ್ಯಾಡ್ಜಿಗಿರುವುದು ಹೇಳುವ ಕೆಲಸವೊಂದೇ. ಹೇಳುವ ವಸ್ತುವನ್ನೇ ನಕಲು ಮಾಡಿದರೆ ಅದು ದುರಸ್ತಿಯಲ್ಲ, ಸುಳ್ಳು ಸಾಕ್ಷಿ. ಬ್ಯಾಡ್ಜು ಕಳೆದುಹೋಗಿದ್ದರೆ ಆ ಜಾಗ ಬರಿದಾಗಿಯೇ ಇರಲಿ.

ಉಳಿದಂತೆ ನಾವು ಕೇಳುವುದು ಮೂರೇ ಮಾತು. ಮಾಡಿದ ಬದಲಾವಣೆ ಮುಂದೆ ತೆಗೆಯಬಹುದಾದದ್ದಾಗಿರಲಿ. ತೆಗೆದ ಹಳೆಯ ಭಾಗವನ್ನು ಗುಜರಿಗೆ ಹಾಕದೆ ಬಟ್ಟೆಯ ಚೀಲದಲ್ಲಿ ಕಟ್ಟಿ ವಾದ್ಯದ ಜೊತೆಯಲ್ಲೇ ಇಡಲಿ. ಯಾವ ವರ್ಷ ಏನನ್ನು ಬದಲಿಸಿತೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಅದೇ ಚೀಲದೊಳಗೆ ಸೇರಿಸಲಿ. ಮಾರುವ ದಿನ ಬಂದರೆ ಆ ಚೀಟಿಯನ್ನು ಕೊಳ್ಳುವವರ ಕೈಗೆ ಕೊಡಬೇಕು. ಬೆಲೆ ಸ್ವಲ್ಪ ಇಳಿದೀತು, ಕೊಂಡವರು ಮೋಸಹೋಗಲಾರರು.

ಆ ತಂದೆಗೂ ಮಗನಿಗೂ ನಾವು ಹೇಳಿದ್ದು ಇಷ್ಟನ್ನೇ. ಸ್ಟ್ರೇನರಿಗಾಗಿ ಮಗ ಹುಡುಕುತ್ತಿದ್ದಾನೆ. ತೂತಿನ ಅಳತೆಯನ್ನು ತಂದೆಯೇ ತೆಗೆದು ಕಳಿಸಿದ್ದಾರೆ.